ರಾತ್ರಿಯ ತ್ರೀ ಫೇಸ್

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ವಿದ್ಯುತ್ ಸಬ್‌ಸ್ಟೇಷನ್ ಒಂದರಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತನಾದವನು ನಾನು. ಗಂಟೆಗೊಮ್ಮೆ ಒಂದೊಂದು ಫೀಡರಿನ, ಅಂದರೆ ಊರು ತೋಟಗಳಿಗೆ ಕರೆಂಟು ಒಯ್ಯುವ ಲೈನಿನ, ಆಂಪಿಯರ್ ಎಷ್ಟೆಂದು ಲಾಗ್ ಬುಕ್ಕಿನಲ್ಲಿ ಬರೆಯುವುದು, ಮೇಲಿನಿಂದ ಫೋನ್ ಬಂದಾಗ ಫೀಡರ್ ತೆಗೆಯುವುದು, ಮತ್ತೆ ಹಾಕುವುದು ನನ್ನ ಕೆಲಸವಾಗಿತ್ತು. ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಡುವುದನ್ನು ಬಿಡಬೇಕೆಂಬ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ರಾತ್ರಿ ಪಾಳಿಯ ಆ ಅಂಕಿಗಳು.

ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅಂದರೆ ಮೋಟಾರು ಓಡಿಸುವಷ್ಟು ಬಲದ ಕರೆಂಟು, ಎಂದು ಲೆಕ್ಕ. ಅದರಲ್ಲಿ ಒಂದಿಷ್ಟು ಹಗಲು, ಉಳಿದದ್ದು ರಾತ್ರಿ. ರಾತ್ರಿ ಫೀಡರ್ ಹಾಕಿದ ಗಳಿಗೆಯಲ್ಲೇ ಮೀಟರಿನ ಮುಳ್ಳು ಒಮ್ಮೆಲೇ ಜಿಗಿಯುತ್ತಿತ್ತು. ರೈತರು ಮೋಟಾರನ್ನು ಆಟೋ ಸ್ಟಾರ್ಟರಿಗೆ ಬಿಟ್ಟು ಮಲಗಿರುತ್ತಾರೆ. ಕರೆಂಟು ಬಂದೊಡನೆ ಇಡೀ ಸೀಮೆಯ ಮೋಟಾರುಗಳು ಏಕಕಾಲಕ್ಕೆ ಎದ್ದುಬಿಡುತ್ತವೆ. ಟಿಸಿಗಳು, ಅಂದರೆ ಟ್ರಾನ್ಸ್‌ಫಾರ್ಮರುಗಳು, ಸುಡುವುದು ಹೀಗೆಯೇ. ಆಟೋ ಇಲ್ಲದವರು ಬ್ಯಾಟರಿ ಹಿಡಿದು, ಹಾವು ಕರಡಿಗಳ ಭಯದಲ್ಲಿ ತೋಟಕ್ಕೆ ನಡೆಯುತ್ತಿದ್ದರು. 10 ಎಚ್‌ಪಿ ಮೋಟಾರು ಏಳು ಗಂಟೆ ಓಡಿದರೆ ಐವತ್ತಕ್ಕೂ ಹೆಚ್ಚು ಯೂನಿಟ್. ಅಷ್ಟನ್ನೂ ಕಲ್ಲಿದ್ದಲಿನಿಂದಲೇ ತೆಗೆಯುವುದಾದರೆ ಸುಮಾರು 35 ಕೆ.ಜಿ. ಉರಿಸಬೇಕು. ಕರ್ನಾಟಕದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಪಂಪ್‌ಸೆಟ್ಟುಗಳದ್ದೇ.

"ತಲೆಯ ಮೇಲೇ ಗಾಳಿಯಂತ್ರ ತಿರುಗುತ್ತಿದೆ, ನಮಗೇಕೆ ಕರೆಂಟಿಲ್ಲ ಸಾರ್?" ಎಂದು ರೈತರು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಆ ಯಂತ್ರಗಳಿಗೆ ಸುಗ್ಗಿಯೆಂದರೆ ಮುಂಗಾರಿನ ಗಾಳಿ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳು. ಅಡಿಕೆಗೆ ನೀರು ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಗಾಳಿ ಕೈಕೊಡುತ್ತದೆ, ರಾತ್ರಿಯಾದ್ದರಿಂದ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕೂ ಸುಮ್ಮನಿರುತ್ತದೆ. ಉಳಿಯುವುದು ಶರಾವತಿಯ ನೀರು, ರಾಯಚೂರು ಮತ್ತು ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳು.

ನೀರನ್ನಾದರೂ ನೆಚ್ಚಿಕೊಳ್ಳಬಹುದೇ? 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ನಮ್ಮ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿತ್ತು. ಜನ ಬಾಗಿನ ಬಿಡಲು ಸಾಲುಗಟ್ಟಿದರು. ಮರುವರ್ಷವೇ ಬರ. 2023ರ ಅಕ್ಟೋಬರ್‌ನಲ್ಲಿ ಜಲಾಶಯಗಳಲ್ಲಿ ನೀರಿಲ್ಲ, ಒಣಗುವ ಬೆಳೆ ಉಳಿಸಿಕೊಳ್ಳಲು ಎಲ್ಲೆಡೆ ಮೋಟಾರುಗಳು ಓಡಿದವು, ರಾಜ್ಯ ಉತ್ತರ ಪ್ರದೇಶ, ಪಂಜಾಬುಗಳಿಂದ ವಿದ್ಯುತ್ ತರಿಸಬೇಕಾಯಿತು. ಹವಾಮಾನ ಕೆಟ್ಟರೆ ಮೊದಲು ಸೊರಗುವುದು ಜಲವಿದ್ಯುತ್, ಮೊದಲು ಏರುವುದು ಪಂಪ್‌ಸೆಟ್ಟಿನ ಲೋಡು. ಆ ಅಂತರವನ್ನು ತುಂಬಲು ಮತ್ತೆ ಕಲ್ಲಿದ್ದಲನ್ನೇ ಉರಿಸುತ್ತೇವೆ. ಈ ಸುಳಿಯನ್ನು ನೆನೆದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಹಾಗಾಗಿ ನನ್ನ ವಾದ ಇಷ್ಟೇ: ರಾತ್ರಿಯ ತ್ರೀ ಫೇಸನ್ನು ಪೂರ್ತಿಯಾಗಿ, ಸೌರ ವಿದ್ಯುತ್ ಸಿಗುವ ಹಗಲಿಗೆ ತನ್ನಿ. ಮನೆಯ ದೀಪ ಹಗಲಿಗೆ ಕಾಯಲಾರದು, ಆಸ್ಪತ್ರೆ ಕಾಯಲಾರದು. ಅಡಿಕೆ ಮರ ಕಾಯುತ್ತದೆ. ಅದಕ್ಕೆ ಬೇಕಿರುವುದು ನೀರೇ ಹೊರತು ನಡುರಾತ್ರಿಯ ನೀರಲ್ಲ. ಬಿಸಿಲು ಅತಿ ಹೆಚ್ಚಿರುವ ತಿಂಗಳಲ್ಲೇ ಅದರ ಬಾಯಾರಿಕೆಯೂ ಹೆಚ್ಚು. ಹಗಲಲ್ಲಿ ಎತ್ತಿದ ನೀರನ್ನು ಕೃಷಿಹೊಂಡದಲ್ಲಿ ಇಟ್ಟುಕೊಂಡರೆ ಬೇಕಾದಾಗ ಹನಿ ನೀರಾವರಿಗೆ ಬಿಡಬಹುದು. ಶರಾವತಿ ಕಣಿವೆಯಲ್ಲಿ ಸಿಂಗಳೀಕಗಳ ಕಾಡಿನ ನಡುವೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ಕಟ್ಟಬೇಕೆಂದು ಹೊರಟಿರುವವರು ಮೊದಲು ನಮ್ಮ ಹೊಂಡಗಳ ಕಡೆ ಕಣ್ಣು ಹಾಯಿಸಲಿ. ಸಂಜೆ ಆರರಿಂದ ಹತ್ತರವರೆಗಿನ ಲೋಡಿಗೆ ಇದು ಪರಿಹಾರವಲ್ಲ, ಅದು ಬೇರೆಯೇ ಕಷ್ಟ. ಆದರೆ ಸುಲಭವಾದದ್ದನ್ನೇ ಮಾಡದೆ ಕಷ್ಟದ ಮಾತನ್ನೇಕೆ ಆಡುವುದು?

ಒಂದು ಆತಂಕ ಮಾತ್ರ ನನ್ನನ್ನು ಬಿಟ್ಟಿಲ್ಲ. ಬಿಸಿಲಿಗೆ ಬಿಲ್ಲಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಮೋಟಾರು ಓಡಿಸಿದರೆ ಅಂತರ್ಜಲದ ಗತಿಯೇನು? ಎಂಟುನೂರು ಅಡಿ ಕೊರೆದರೂ ಬರಿಯ ದೂಳೆದ್ದು, ಸಾಲ ಹೊತ್ತು ಕೂತವರು ನನ್ನ ನೆಂಟರಲ್ಲೇ ಇದ್ದಾರೆ. ಉಚಿತ ವಿದ್ಯುತ್ ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಏಳು ಗಂಟೆಯ ಮಿತಿ ಹಗಲಿಗೂ ಇರಲೇಬೇಕು, ಹೊಸ ಅಡಿಕೆ ತೋಟಕ್ಕೆ ಹನಿ ನೀರಾವರಿ ಕಡ್ಡಾಯವಾಗಬೇಕು.

ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಕಟ್ಟಿ ಕೃಷಿ ಫೀಡರಿಗೆ ಜೋಡಿಸುವ ಅವಕಾಶವಿದೆ. ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ ಬೇಕು. ಗೋಮಾಳ ಕೊಡಿ ಎಂದು ಕೇಳಿದರೆ ನಾನು ವಿರೋಧಿಸುತ್ತೇನೆ. ಚಳ್ಳಕೆರೆಯ ಅಮೃತ ಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸಾವಿರಾರು ಎಕರೆ ಕೈತಪ್ಪಿದ ಮೇಲೆ ಕುರಿ ಕಾಯುವವರು ಪಟ್ಟ ಪಾಡನ್ನು ನಮ್ಮ ಜಿಲ್ಲೆ ಕಂಡಿದೆ. ಕೊಳವೆಬಾವಿ ಬತ್ತಿ ಬೀಳುಬಿದ್ದ ಹೊಲಗಳು ಸಬ್‌ಸ್ಟೇಷನ್ನಿನ ಸುತ್ತಮುತ್ತಲೇ ಇವೆ. ಅವನ್ನೇ ಗುತ್ತಿಗೆಗೆ ಪಡೆಯಲಿ, ವರ್ಷ ವರ್ಷವೂ ಬಾಡಿಗೆ ಆ ಹೊಲದ ರೈತನ ಕೈಗೇ ಸೇರಲಿ.