ಎಕ್ಸ್ ಜ್ವಾಲೆ ಬಂತಂತೆ, ಆಗ ಇಲ್ಲಿ ಗಂಟೆ ಎಷ್ಟು?

ಸೂರ್ಯನ ಸುದ್ದಿ ಬಂದಾಗಲೆಲ್ಲ ಮುಂಬೈ, ಪುಣೆಯ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಓಡಾಡುವುದು ಧ್ರುವಪ್ರಭೆಯ ಫೋಟೋ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ನಿಜ. ಆದರೆ ಹಾನ್ಲೆ ಇರುವುದು ಸುಮಾರು 33 ಡಿಗ್ರಿ ಉತ್ತರದಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ. ಮುಂಬೈಯ ಮಾಟುಂಗಾದ ಟೆರೇಸು ಹತ್ತಿ ಕಾದರೆ ಕಾಣುವುದು ಬೀದಿದೀಪದ ಮಬ್ಬು, ಅಷ್ಟೇ. ನಮ್ಮ ಅಕ್ಷಾಂಶಕ್ಕೆ ಸೂರ್ಯ ತಟ್ಟುವ ದಾರಿಯೇ ಬೇರೆ. ಹಗಲಲ್ಲಿ ಎದ್ದ ಸೌರಜ್ವಾಲೆ, ಅಂದರೆ ಸೂರ್ಯನ ಮೇಲಿನ ಸ್ಫೋಟ, ಶಾರ್ಟ್‌ವೇವ್ ರೇಡಿಯೋವನ್ನು ನುಂಗುತ್ತದೆ, ಸಂಜೆಯ ಅಯಾನುಗೋಳ (ವಾತಾವರಣದ ಮೇಲಿನ, ವಿದ್ಯುದಾವೇಶದ ಪದರ) ಜಿಪಿಎಸ್ಸನ್ನು ಅಲುಗಿಸುತ್ತದೆ. ಎರಡಕ್ಕೂ ಮೊದಲು ಕೇಳಬೇಕಾದ್ದು ಗಂಟೆ ಎಷ್ಟು ಎಂದು.

ಅಂಕಿಗಳೆಲ್ಲ ಜಾಗತಿಕ ಸಮಯವಾದ ಯುಟಿಸಿಯಲ್ಲಿ ಬರುತ್ತವೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಮೂರು ದಿನದ ಸೂರ್ಯನ ಮುನ್ಸೂಚನೆ ದಿನಕ್ಕೆರಡು ಬಾರಿ, ನಮ್ಮ ಬೆಳಿಗ್ಗೆ 6 ಮತ್ತು ಸಂಜೆ 6ಕ್ಕೆ ಹೊರಬೀಳುತ್ತದೆ. ದಿನಕ್ಕೆರಡು ಸಲ ಅದನ್ನು ಓದಿದರೆ ಸಾಕು. ನಡುವೆ ಓಡಾಡುವ ಸುದ್ದಿಯಲ್ಲಿ ಹೆಚ್ಚಿನದು ಅದನ್ನೇ ಉಪ್ಪು ಖಾರ ಹಚ್ಚಿ ಬಡಿಸಿದ್ದು.

ಒಂದು ಉದಾಹರಣೆ ನೋಡಿ. 2024ರ ಅಕ್ಟೋಬರ್ 9ರಂದು ಎಕ್ಸ್ 1.8 ಜ್ವಾಲೆ (ಎಕ್ಸ್ ಎಲ್ಲಕ್ಕಿಂತ ಜೋರಿನ ದರ್ಜೆ, ಎಂ ಅದರ ಕೆಳಗಿನದು) ತುದಿ ಮುಟ್ಟಿದ್ದು ನಮ್ಮ ಬೆಳಿಗ್ಗೆ 7:26ಕ್ಕೆ. ಅದರ ಎಕ್ಸ್ ಕಿರಣ ಸೂರ್ಯನಿಂದ ಹೊರಟು ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ತಲುಪಿತ್ತು. ಮುಂಬೈಯಲ್ಲಿ ಸೂರ್ಯ ಹುಟ್ಟಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ, ಕಿರಣ ಓರೆಯಾಗಿ ಬಿದ್ದದ್ದರಿಂದ ಪೂರ್ತಿ ಹೊಡೆತ ತಿಂದದ್ದು ಆಸ್ಟ್ರೇಲಿಯಾದ ಕಡೆ. ಜ್ವಾಲೆಯ ಜೊತೆ ಹೊರಟ ಪ್ಲಾಸ್ಮಾ ಮೋಡ, ಅಂದರೆ ಸಿಎಂಇ, ಭೂಮಿಗೆ ಬಡಿದದ್ದು ಮರುದಿನ ರಾತ್ರಿ ಸುಮಾರು 9ಕ್ಕೆ. ಒಂದೇ ಸ್ಫೋಟ, ಎರಡು ಸಲ ಬರುವಿಕೆ, ನಡುವೆ ಒಂದೂವರೆ ದಿನ. ಪತ್ರಿಕೆಗಳು ಇವೆರಡನ್ನೂ ಕಲಸಿ ಒಂದೇ ಮಾಡುತ್ತವೆ.

ಸಿಎಂಇ ಬರುತ್ತಿದೆ ಎಂದಾಗ ಜನ ಕೆಪಿ ನೋಡುತ್ತಾರೆ. ಕೆಪಿ ಅಂದರೆ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಅಲುಗಿತೆಂಬ 0ರಿಂದ 9ರ ಲೆಕ್ಕ, ಮುಗಿದ ಆಟದ ಸ್ಕೋರು. ನೋಡಬೇಕಾದ್ದು ಬಿ-ಝಡ್: ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಭಾಗ. ಭೂಮಿಯಿಂದ ಸೂರ್ಯನ ಕಡೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಲ್ಲಿ ನಿಂತ ನೌಕೆಗಳು ಅದನ್ನು ಅಳೆಯುತ್ತವೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಇದೆ; ಅದರ ಸೂಟ್ ದೂರದರ್ಶಕ ತಯಾರಾದದ್ದು ಪುಣೆಯ ಖಗೋಳ ಸಂಸ್ಥೆ ಐಯುಕಾದಲ್ಲಿ. ಬಿ-ಝಡ್ ಮೈನಸ್ ಆದರೆ ಭೂಮಿಯ ಬಾಗಿಲು ತೆರೆದಂತೆ. ಮೈನಸ್ 10 ನ್ಯಾನೊಟೆಸ್ಲಾಕ್ಕಿಂತ ಕೆಳಗೆ ಮೂರು ಗಂಟೆ ನಿಂತರೆ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಅಲುಗಾಟ, ಜೋರಾಗಿಯೇ ಇರುತ್ತದೆ. ಪ್ಲಸ್ ಇದ್ದರೆ ಎಷ್ಟೇ ವೇಗದ ಮೋಡವಾದರೂ ಬಹುಪಾಲು ಸವರಿಕೊಂಡು ಹೋಗುತ್ತದೆ. ಎಲ್1ನಿಂದ ಇಲ್ಲಿಗೆ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಸುಮಾರು ಒಂದು ಗಂಟೆ, 800ರಲ್ಲಿ ಅರ್ಧ ಗಂಟೆ. ನಿಜವಾದ ಮುನ್ಸೂಚನೆ ಸಿಗುವುದು ಅಷ್ಟು ಹೊತ್ತು ಮುಂಚೆ ಮಾತ್ರ.

ಬಿರುಗಾಳಿ ನಮ್ಮಲ್ಲಿ ಕಣ್ಣಿಗೆ ಕಾಣದಿದ್ದರೂ ಕಾಂತಸೂಜಿಗೆ ಕಾಣುತ್ತದೆ. 1859ರ ಸೆಪ್ಟೆಂಬರಿನ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಮುಂಬೈಯ ಕೊಲಾಬಾ ವೀಕ್ಷಣಾಲಯ ಭೂಮಿಯ ಕಾಂತಕ್ಷೇತ್ರದ ಅಡ್ಡಭಾಗದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ ದಾಖಲಿಸಿತು. ಇವತ್ತಿಗೂ ಜಗತ್ತು ಆ ಬಿರುಗಾಳಿಯನ್ನು ಅಳೆಯುವಾಗ ಆ ಪುಟ ತಿರುವುತ್ತದೆ. ನಗರಕ್ಕೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾಗ ಅಳತೆ ಕೆಡಬಾರದೆಂದು 1904ರಲ್ಲಿ ಕಾಂತ ಉಪಕರಣಗಳಿಗೆ ಅಲಿಬಾಗಿನಲ್ಲಿ ಜಾಗ ಮಾಡಿದರು. ಫ್ಲ್ಯಾಟಿನಲ್ಲಿ ಕೂತು ಸೂರ್ಯನನ್ನು ಹಿಂಬಾಲಿಸುವವರಿಗೂ ಇವತ್ತು ಇರುವ ತೊಂದರೆ ಅದೇ, ಗದ್ದಲ.

ಮನೆಯಲ್ಲೇ ಜ್ವಾಲೆ ಹಿಡಿಯಬೇಕೆಂದರೆ ದೂರದರ್ಶಕ ಬೇಡ, ಆಂಟೆನಾ ಆಗಿ ತಂತಿಯ ಚೌಕ ಸಾಕು. ತಿರುನೆಲ್ವೇಲಿ ಬಳಿಯ ನೌಕಾಪಡೆಯ ಅತಿ ಕೆಳ ಆವರ್ತನದ ವಿಎಲ್‌ಎಫ್ ಕೇಂದ್ರ 18.2 ಕಿಲೊಹರ್ಟ್ಸಿನಲ್ಲಿ, ಆಸ್ಟ್ರೇಲಿಯಾದ ಎನ್‌ಡಬ್ಲ್ಯೂಸಿ 19.8ರಲ್ಲಿ ಪ್ರಸಾರ ಮಾಡುತ್ತವೆ. ಈ ಅಲೆಗಳು ನೆಲ ಮತ್ತು ಅಯಾನುಗೋಳದ ತಳದ ನಡುವೆ ಪುಟಿಯುತ್ತ ಬರುತ್ತವೆ. ಜ್ವಾಲೆಯ ಎಕ್ಸ್ ಕಿರಣ ಆ ತಳವನ್ನು ಕೆಳಕ್ಕೆ ಒತ್ತಿ ಗಟ್ಟಿ ಮಾಡುವುದರಿಂದ ಹಗಲಲ್ಲಿ ಸಂಕೇತ ಸಾಮಾನ್ಯವಾಗಿ ಏರುತ್ತದೆ.

1.42 ಮೀಟರಿನ ಎರಡು ಪಿವಿಸಿ ಪೈಪು ಅಡ್ಡಡ್ಡ ಕಟ್ಟಿದರೆ ಒಂದು ಮೀಟರ್ ಬದಿಯ ಚೌಕ ಸಿಗುತ್ತದೆ. ಅದರ ಮೇಲೆ 24 ಗೇಜಿನ ಎನಾಮೆಲ್ ತಂತಿ 30 ಸುತ್ತು, ಒಟ್ಟು 120 ಮೀಟರ್. ಮಲ್ಟಿಮೀಟರ್ ಹಿಡಿದರೆ ಎಂಟು ಓಮ್ ಆಸುಪಾಸು ತೋರಿಸಬೇಕು. ಸೊನ್ನೆ ಹತ್ತಿರ ಬಂದರೆ ಎಲ್ಲೋ ಎನಾಮೆಲ್ ಕೆರೆದು ಸುತ್ತುಗಳು ಒಂದಕ್ಕೊಂದು ತಗಲಿವೆ. ಏನೂ ತೋರದಿದ್ದರೆ ತುದಿಯ ಎನಾಮೆಲ್ ಕೆರೆಯದೆಯೇ ಬೆಸುಗೆ ಹಾಕಿದ್ದೀರಿ. ಶೀಲ್ಡ್ ಕೇಬಲಿನಿಂದ ಯುಎಸ್‌ಬಿ ಸೌಂಡ್ ಕಾರ್ಡಿನ ಮೈಕಿಗೆ ಕೊಡಿ, ಮಧ್ಯೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ, ಇಲ್ಲದಿದ್ದರೆ ಮೈಕಿನ ಬಯಾಸ್ ವೋಲ್ಟೇಜ್ ತಂತಿಯಲ್ಲೇ ಶಾರ್ಟ್ ಆಗುತ್ತದೆ. ಕಾರ್ಡು 96 ಕಿಲೊಹರ್ಟ್ಸ್ ಸ್ಯಾಂಪ್ಲಿಂಗಿನದಾದರೆ ಒಳ್ಳೆಯದು; 48ರದ್ದು 24ರವರೆಗೆ ಮಾತ್ರ ಕೇಳುತ್ತದೆ, ಅಂಚಿನ ಫಿಲ್ಟರ್ ಕೆಲವೊಮ್ಮೆ ಅದಕ್ಕೂ ಮೊದಲೇ ಕತ್ತರಿಸುತ್ತದೆ. ಸ್ಪೆಕ್ಟ್ರಮ್ ಲ್ಯಾಬ್ ಅಥವಾ ಸೂಪರ್‌ಸಿಡ್ ತಂತ್ರಾಂಶದಲ್ಲಿ ಐದು ಸೆಕೆಂಡಿಗೊಂದು ಅಳತೆ ಸಾಕು. ಒಂದೇ ಕೇಂದ್ರ ಬೇಕಿದ್ದರೆ ಚೌಕಕ್ಕೆ ಸಮಾಂತರವಾಗಿ 22ರಿಂದ 28 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ ಶ್ರುತಿ ಮಾಡಬಹುದು. ಅಗ್ಗದ ಸೆರಾಮಿಕ್ ಬೇಡ. ಪುಣೆಯ ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಅದರ ಫ್ಯಾರಡ್ ಅಳತೆ ಜಾರಿ, ಗ್ರಾಫಿನ ಗೆರೆ ನಿಧಾನ ಏರಿಳಿಯುತ್ತದೆ, ಅದನ್ನೇ ಸೂರ್ಯನ ಕೆಲಸ ಅಂದುಕೊಳ್ಳುತ್ತೀರಿ. ಪಾಲಿಪ್ರೊಪಿಲೀನ್ ತನ್ನಿ.

ಚೌಕದ ಅಂಚು ದಕ್ಷಿಣ-ಆಗ್ನೇಯಕ್ಕೆ ಮುಖ ಮಾಡಿರಲಿ. ಮುಂಬೈಯಿಂದ ಎರಡೂ ಕೇಂದ್ರ ಹೆಚ್ಚುಕಡಿಮೆ ಆ ದಿಕ್ಕಿಗೇ ಇವೆ. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿನಿಂದ ಒಂದೆರಡು ಮೀಟರ್ ದೂರ ಇಡಿ, ಇಲ್ಲದಿದ್ದರೆ ಗ್ರಿಲ್ಲೇ ಅರ್ಧ ಸಂಕೇತ ತಿನ್ನುತ್ತದೆ. ಜಾಗ ಹುಡುಕಲು ಬ್ಯಾಟರಿಯ ಟ್ರಾನ್ಸಿಸ್ಟರ್ ಹಿಡಿದು ಮೀಡಿಯಂವೇವಿನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಮನೆಯೆಲ್ಲ ಸುತ್ತಿ. ಝೇಂಕಾರ ಎಲ್ಲಿ ಕಮ್ಮಿಯೋ ಅಲ್ಲಿ ಚೌಕ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು, ಇನ್ವರ್ಟರ್, ಲಿಫ್ಟಿನ ಮೋಟರ್ ಎಲ್ಲವೂ ಈ ಆವರ್ತನದಲ್ಲಿ ಕಿರುಚುತ್ತವೆ. ಗಣೇಶೋತ್ಸವದ ಹತ್ತು ದಿನ ಪೆಂಡಾಲಿನ ದೀಪದ ಸರದ ಎದುರು ಯಾವ ಫಿಲ್ಟರಿನ ಆಟವೂ ನಡೆಯುವುದಿಲ್ಲ, ಸುಮ್ಮನಿರಿ. ಮಳೆಗಾಲದ ಸಿಡಿಲಿನ ಚಟಪಟಕ್ಕೆ ಸರಾಸರಿಯ ಬದಲು ಮಧ್ಯಾಂಕ (ಮೀಡಿಯನ್) ತೆಗೆದುಕೊಂಡರೆ ಗೆರೆ ಶುಭ್ರವಾಗುತ್ತದೆ.

ಜ್ವಾಲೆಯ ಗೆರೆ ಗುರುತಿಸುವುದು ಸುಲಭ: ಸಹ್ಯಾದ್ರಿಯನ್ನು ಕೊಂಕಣದ ಕಡೆಯಿಂದ ಹತ್ತಿ ದಖ್ಖನಿನ ಕಡೆ ಇಳಿದ ಹಾಗೆ. ಕೆಲವೇ ನಿಮಿಷದ ಕಡಿದಾದ ಏರು, ಅರ್ಧ ಗಂಟೆ ಮುಕ್ಕಾಲು ಗಂಟೆಯ ಹರವಾದ ಇಳಿಜಾರು. ಗೋಡೆಯಂತೆ ನೆಟ್ಟಗೆ ಬಿದ್ದರೆ ಕೇಂದ್ರ ಪ್ರಸಾರ ನಿಲ್ಲಿಸಿದೆ ಎಂದರ್ಥ. ಸೂರ್ಯೋದಯ, ಸೂರ್ಯಾಸ್ತದ ಕುಳಿಗಳು ದಿನನಿತ್ಯದವು. ರಾತ್ರಿಯ ಗೆರೆಯಲ್ಲಿ ಜ್ವಾಲೆ ಹುಡುಕಬೇಡಿ.

ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಇದೇ ಜ್ವಾಲೆ ಬೇರೆ ರೂಪದಲ್ಲಿ ಬರುತ್ತದೆ. ಸೂರ್ಯ ನೆತ್ತಿಯ ಮೇಲಿರುವಲ್ಲಿ ಎಂ1 ಜ್ವಾಲೆ 15 ಮೆಗಾಹರ್ಟ್ಸಿನವರೆಗೆ, ಎಕ್ಸ್1 ಸುಮಾರು 25ರವರೆಗೆ ತೊಂದರೆ ಕೊಡುತ್ತದೆ. ಹೀರಿಕೆ ಆವರ್ತನ ಕೆಳಗಿಳಿದಷ್ಟೂ ಜೋರು, ಹಾಗಾಗಿ 7 ಮೆಗಾಹರ್ಟ್ಸ್ ಮೊದಲು ಸಾಯುತ್ತದೆ, ಕೊನೆಗೆ ಏಳುತ್ತದೆ. ಬ್ಯಾಂಡ್ ಸತ್ತಿತೆಂದು ಆಂಟೆನಾ ಬಿಚ್ಚುವ ಮೊದಲು 21ಕ್ಕೋ 28ಕ್ಕೋ ಏರಿ ನೋಡಿ. ಪರೀಕ್ಷೆಗೆ 14.100 ಮೆಗಾಹರ್ಟ್ಸಿನ ಅಂತರರಾಷ್ಟ್ರೀಯ ಬೀಕನ್ (ಗುರುತಿನ ಪ್ರಸಾರ) ಸರಣಿ ಇದೆ. 18 ಕೇಂದ್ರಗಳು ಮೂರು ನಿಮಿಷದಲ್ಲಿ ಸರದಿ ಮುಗಿಸುತ್ತವೆ, ಶ್ರೀಲಂಕಾದ 4ಎಸ್7ಬಿ ನಮಗೆ ಹತ್ತಿರದ್ದು. ಪ್ರತಿ ಕೇಂದ್ರ ತನ್ನ ಕರೆಹೆಸರಿನ ನಂತರ ನಾಲ್ಕು ಉದ್ದ ಸದ್ದು ಕಳಿಸುತ್ತದೆ: 100, 10, 1, 0.1 ವ್ಯಾಟ್. ದಿನವೂ ಮೂರು ಕೇಳುತ್ತಿದ್ದದ್ದು ಇವತ್ತು ಒಂದೇ ಕೇಳಿತೆಂದರೆ ಸುಮಾರು 20 ಡೆಸಿಬೆಲ್ ಕಳೆದಿದೆ. ಬೀಕನ್ನೇ ಕೆಟ್ಟು ನಿಂತಿರುವುದೂ ಉಂಟು, ಇನ್ನೊಂದನ್ನೂ ಕೇಳಿ ತೀರ್ಮಾನಿಸಿ.

ಇನ್ನು ಜಿಪಿಎಸ್. ಅಯಾನುಗೋಳದ ಎಲೆಕ್ಟ್ರಾನ್ ಲೆಕ್ಕದಲ್ಲಿ ಒಂದೊಂದು ಟಿಇಸಿ ಯೂನಿಟ್ಟಿಗೆ (ದಾರಿಯಲ್ಲಿ ಸಿಗುವ ಒಟ್ಟು ಎಲೆಕ್ಟ್ರಾನಿನ ಅಳತೆ) ಜಿಪಿಎಸ್ಸಿನ ಎಲ್1 ಎಂಬ ಸಂಕೇತ, ಇದು ಮೇಲಿನ ಎಲ್1 ಬಿಂದುವಲ್ಲ, 16 ಸೆಂ.ಮೀ. ತಡವಾಗುತ್ತದೆ, ನೂರು ಯೂನಿಟ್ಟಿಗೆ 16 ಮೀಟರ್. ಎಲ್5 ಎಂಬ ಎರಡನೇ ಸಂಕೇತವೂ ಇದ್ದರೆ ಎರಡರ ವ್ಯತ್ಯಾಸದಿಂದ ಇದನ್ನು ಕಳೆಯಬಹುದು. ಕಳೆಯಲಾಗದ್ದು ಮಿನುಗುವಿಕೆ, ಅಂದರೆ ಸಂಕೇತದ ಬಲ ಸರಸರ ಏರಿಳಿಯುವುದು. ಸೂರ್ಯ ಮುಳುಗಿದ ಮೇಲೆ ಕಾಂತ ಸಮಭಾಜಕದ ಬಳಿ, ಅಂದರೆ ದಕ್ಷಿಣದ ತುದಿಯಲ್ಲಿ, ಅಯಾನುಗೋಳದಲ್ಲಿ ಎಲೆಕ್ಟ್ರಾನ್ ವಿರಳವಾದ ಪ್ಲಾಸ್ಮಾ ಗುಳ್ಳೆ ಎದ್ದು ಉತ್ತರಕ್ಕೆ ಚಾಚುತ್ತದೆ. ಗೋವಾ ಮೊದಲು ಸಿಗುತ್ತದೆ, ಆಮೇಲೆ ಪುಣೆ, ಮುಂಬೈ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್, ರಾತ್ರಿ 8ರಿಂದ ನಡುರಾತ್ರಿ ಇದರ ಹೊತ್ತು. ಆರ್‌ಟಿಕೆ ರೋವರಿನಲ್ಲಿ (ಸರ್ವೆಯವರ ನಿಖರ ಜಿಪಿಎಸ್) ಫಿಕ್ಸ್, ಅಂದರೆ ಖಚಿತ ಸ್ಥಾನ, ಹೋಗಿ ಫ್ಲೋಟ್, ಅಂದರೆ ಅಂದಾಜು ಸ್ಥಾನ, ಬರುತ್ತಾ ಹೋಗುತ್ತಾ ಇದ್ದರೆ ಫೋನಿನ ಜಿಪಿಎಸ್ ಆ್ಯಪಿನಲ್ಲಿ ಒಂದೊಂದು ಉಪಗ್ರಹದ ಬಲ ನೋಡಿ. ದಕ್ಷಿಣದ ಒಂದೆರಡು ಮಾತ್ರ ಹತ್ತು ಡೆಸಿಬೆಲ್ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮಿನುಗುವಿಕೆ. ಎಲ್ಲ ಒಟ್ಟಿಗೆ ಬಿದ್ದರೆ ತಪ್ಪು ಆಂಟೆನಾದ್ದೋ ಕೇಬಲಿನದ್ದೋ. ಬಿರುಗಾಳಿ ಇದ್ದ ರಾತ್ರಿ ಇದು ಹೆಚ್ಚೇ ಆಗಬೇಕೆಂದೇನಿಲ್ಲ. ಬಿ-ಝಡ್ ನಮ್ಮ ಮುಸ್ಸಂಜೆಗೆ ಸರಿಯಾಗಿ ಮೈನಸ್ಸಿಗೆ ತಿರುಗಿದರೆ ಗುಳ್ಳೆ ಕೆರಳುತ್ತದೆ; ಬಿರುಗಾಳಿ ಹಳತಾಗಿ ಮರುದಿನ ಸಂಜೆಯಾದರೆ ಎಷ್ಟೋ ಸಲ ಗುಳ್ಳೆ ಏಳುವುದೇ ಇಲ್ಲ.

25ನೇ ಸೌರಚಕ್ರದ (ಸುಮಾರು 11 ವರ್ಷದ ಏರಿಳಿತ) ನಯಗೊಳಿಸಿದ ಗರಿಷ್ಠ ಸೂರ್ಯಕಲೆಗಳ ಸಂಖ್ಯೆ 2024ರ ಅಕ್ಟೋಬರಿಗೆ ಬಿತ್ತು. ಇನ್ನೇನು ಇಳಿಮುಖ ಎಂದು ಪುಸ್ತಕ ಮುಚ್ಚಬೇಡಿ: 2003ರ ಅಕ್ಟೋಬರ್-ನವೆಂಬರಿನ ಭಾರಿ ಬಿರುಗಾಳಿಗಳು ಬಂದದ್ದು ಆ ಚಕ್ರದ ಗರಿಷ್ಠ ಕಳೆದು ಎರಡು ವರ್ಷಕ್ಕೆ. ಇಳಿಗಾಲದಲ್ಲಿ ಕರೋನಾದ, ಅಂದರೆ ಸೂರ್ಯನ ಹೊರ ವಾತಾವರಣದ, ರಂಧ್ರಗಳಿಂದ ಬರುವ ವೇಗದ ಗಾಳಿಯ ಪಾಲು ಹೆಚ್ಚು, ಮತ್ತು ಸೂರ್ಯ ಭೂಮಿಗೆ ಕಾಣುವಂತೆ ಒಂದು ಸುತ್ತು ಹಾಕಲು ಸುಮಾರು 27 ದಿನ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಸಾಲಿಗೆ 27 ಮನೆ ಹಾಕಿ, ದಿನಕ್ಕೊಂದರಂತೆ ಗರಿಷ್ಠ ಕೆಪಿ ಬರೆಯುತ್ತಾ ಹೋಗಿ. ರಂಧ್ರ ಉಳಿದಿದ್ದರೆ ಮುಂದಿನ ಸಾಲಿನ ಕೆಪಿ 5 ಅಥವಾ 6, ಹಿಂದಿನದರ ಕೆಳಗೇ ಬಂದು ಕೂರುತ್ತದೆ, ಹೆಚ್ಚೆಂದರೆ ಒಂದು ಮನೆ ಆಚೀಚೆ.