ಏನೂ ಹಚ್ಚದ ಕೇಕ್

ಅಕ್ಕನ ಮಗಳಿಗೆ ಕ್ರೀಮ್ ಸೇರುವುದಿಲ್ಲ. ಅವಳ ಹುಟ್ಟುಹಬ್ಬಕ್ಕೆ ಕೇಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, "ಮೇಲೆ ಏನೂ ಹಚ್ಚಬೇಡ ಚಿಕ್ಕಮ್ಮ" ಎಂದು ಮೊದಲೇ ಹೇಳಿಬಿಟ್ಟಳು. ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. "ಬೋಳು ಕೇಕನ್ನು ನಾಲ್ಕು ಜನರ ಮುಂದೆ ಹೇಗೆ ಇಡುವುದೇ?" ಎಂದಳು. ನನಗಂತೂ ಸಂತೋಷವೇ ಆಯಿತು. ಐಸಿಂಗ್ ಇಲ್ಲದ ಕೇಕ್ ಎಂದರೆ ನನಗೆ ಹಿಂದಿನಿಂದಲೂ ಗೌರವ. ಒಣಗಿದ ಅಂಚು, ವಾರೆಯಾದ ಮೇಲ್ಮೈ, ಸಪ್ಪೆ ರುಚಿ ಎಲ್ಲವನ್ನೂ ಕ್ರೀಮ್ ಮುಚ್ಚಿಬಿಡುತ್ತದೆ. ಬರಿಯ ಕೇಕಿಗೆ ಆ ಮರೆ ಇಲ್ಲ.

ಪೌಂಡ್ ಕೇಕ್ ಮಾಡುವುದೆಂದು ನಿರ್ಧರಿಸಿದೆ. ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು ಒಂದೊಂದು ಪೌಂಡ್, ಅಂದರೆ ಸುಮಾರು 454 ಗ್ರಾಂ: ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಇದೇ ಲೆಕ್ಕವಿತ್ತು. ಅಳತೆ ನೆನಪಿಡಲು ಓದುಬರಹವೂ ಬೇಕಿರಲಿಲ್ಲ. ನಾನು ನಾಲ್ಕನ್ನೂ 250 ಗ್ರಾಂ ತೂಗಿಕೊಂಡೆ. ಆಗಿನ್ನೂ ಬೇಕಿಂಗ್ ಪೌಡರ್ ಇರಲಿಲ್ಲವಾದ್ದರಿಂದ ಕೇಕನ್ನು ಉಬ್ಬಿಸುತ್ತಿದ್ದದ್ದು ತೋಳಿನ ಬಲವೊಂದೇ. ನಾನೂ ಪೌಡರ್ ಮುಟ್ಟಲಿಲ್ಲ.

ಬೆಣ್ಣೆ ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಉಜ್ಜುತ್ತ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸುತ್ತವೆ. ಕರಗಿದ ಬೆಣ್ಣೆಯಲ್ಲಿ ಅವು ನಿಲ್ಲುವುದಿಲ್ಲ. ಹಳದಿ ಬೆಣ್ಣೆ ಬಿಳಿಚಿಕೊಂಡು ಹಗುರಾಗುವವರೆಗೆ ಬೀಟರ್ ನಿಲ್ಲಿಸಲಿಲ್ಲ. ಈ ಹೊತ್ತಿನಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ, ಕೇಕಿನ ಹಣೆಬರಹ ತೀರ್ಮಾನವಾಗುವುದೇ ಇಲ್ಲಿ. ಮೊಟ್ಟೆಗಳನ್ನು ಫ್ರಿಜ್‌ನಿಂದ ಮುಂಚೆಯೇ ತೆಗೆದಿಟ್ಟು ಒಂದೊಂದಾಗಿ ಸೇರಿಸಿದೆ. ತಣ್ಣನೆಯ ಮೊಟ್ಟೆ ಬಿದ್ದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ. ಮೈದಾ ಹಾಕಿದ ಮೇಲೆ ಮಾತ್ರ ಕೈ ಹಗುರ. ಹೆಚ್ಚು ಕಲಸಿದರೆ ಹಿಟ್ಟಿನ ಅಂಟಾದ ಗ್ಲುಟೆನ್ ಬಲಿತು ಕೇಕ್ ರಬ್ಬರಿನಂತಾಗುತ್ತದೆ.

ಉದ್ದನೆಯ ಟಿನ್ನಿಗೆ ಸುರಿದು 160 ಡಿಗ್ರಿಯ ಓವನ್ನಿಗೆ ಇಟ್ಟೆ. ಒಂದು ಗಂಟೆಗೂ ಮೀರಿ ಕಾಯಬೇಕಾಯಿತು. ಹೊರತೆಗೆದಾಗ ನಡುವೆ ಉದ್ದಕ್ಕೂ ಸೀಳು.

"ಅಯ್ಯೋ, ಬಿರುಕು ಬಿಟ್ಟಿದೆಯಲ್ಲೇ! ಸಕ್ಕರೆ ಪುಡಿಯನ್ನಾದರೂ ಉದುರಿಸು" ಎಂದು ಅಕ್ಕ ಜರಡಿ ಹುಡುಕತೊಡಗಿದಳು. ನಾನು ಬಿಡಲಿಲ್ಲ. ಮೇಲ್ಭಾಗ ಮೊದಲು ಬೆಂದು ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಇನ್ನೂ ಉಬ್ಬುತ್ತಿರುತ್ತದೆ. ಅದಕ್ಕೆ ದಾರಿ ಬೇಕಲ್ಲ, ಮೇಲ್ಪದರವನ್ನು ಸೀಳಿಕೊಂಡು ಏಳುತ್ತದೆ. ಹೀಗೆ ಸೀಳಿದ ಕೇಕನ್ನು ನಾನು ಚೆಂದದ ಕೇಕ್ ಎಂದೇ ಕರೆಯುತ್ತೇನೆ. ಸೀಳಿನ ಎರಡು ತುಟಿಗಳು ಗಾಢ ಕಂದು, ಒಳಗೆ ತಿಳಿ ಹಳದಿ. ಯಾವ ಬಣ್ಣದ ಹೂವು ಬೇಕು ಅದಕ್ಕೆ?

ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು ಆಮೇಲೆ ಜಾಲರಿಯ ಮೇಲೆ ಇಟ್ಟೆ. ಟಿನ್ನಿನಲ್ಲೇ ಉಳಿದರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ, ಅಂಚಿನ ಗರಿಗರಿ ಹೋಗುತ್ತದೆ. ಐಸಿಂಗ್ ಹಚ್ಚಿದರೂ ಆಗುವುದು ಇದೇ: ಅದರ ತೇವಕ್ಕೆ ಮೇಲ್ಪದರ ಮೆತ್ತಗಾಗುತ್ತದೆ. ಹಿಟ್ಟು, ಮೊಟ್ಟೆ, ಸಕ್ಕರೆ ಶಾಖದಲ್ಲಿ ಕಂದಾಗುತ್ತ ಕಟ್ಟಿದ ಪರಿಮಳವೆಲ್ಲ ಕೂಡಿರುವುದು ಆ ತೆಳ್ಳನೆಯ ಪದರದಲ್ಲಿ. ಅದರ ಮೇಲೆ ಸಿಹಿ ಬಳಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಂಜೆ ಮೇಣದಬತ್ತಿಯನ್ನು ಸೀಳಿನಲ್ಲೇ ಸಿಕ್ಕಿಸಿದೆವು, ಗಟ್ಟಿಯಾಗಿ ನಿಂತಿತು. ಬಂದವರಲ್ಲಿ ಒಬ್ಬರು ಕ್ರೀಮ್ ಎಲ್ಲಿ ಎಂದು ಕೇಳಿದರು. ಹುಟ್ಟುಹಬ್ಬದ ಹುಡುಗಿಯೇ, "ತಿಂದು ನೋಡಿ, ಆಮೇಲೆ ಕೇಳಿ" ಎಂದಳು. ಅವರು ಮತ್ತೆ ಕೇಳಲಿಲ್ಲ. ಎರಡು ತುದಿಯ ತುಂಡುಗಳಿಗೆ ಮಕ್ಕಳಲ್ಲಿ ಜಗಳವಾಯಿತು, ಒಂದು ಮುಖವಿಡೀ ಕಂದು ಪದರ ಇರುವುದು ಅವಕ್ಕೇ ತಾನೆ. ಒಂದನ್ನು ಅಕ್ಕ ಮೊದಲೇ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಿದ್ದಳು.