ಟೊರೆಂಟಲ್ಲಿ ಕನ್ನಡ ಹೆಸರಿನ ಫೈಲು ಕೆಟ್ಟು ಬಂದ್ರೆ ಅಳಿಸಬೇಡಿ

ಮುಂಬೈ ಕನ್ನಡಿಗರಿಗೆ ಮಳೆಗಾಲ ಅಂದ್ರೆ ತಾಳಮದ್ದಳೆ, ಅಂದ್ರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಊರಲ್ಲಿ ಮೇಳಗಳ ತಿರುಗಾಟ ಮುಗಿದಿರುತ್ತದೆ, ಹಾಡುವ ಭಾಗವತರು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಈ ಕಡೆ ಬರುತ್ತಾರೆ. ಡೊಂಬಿವಲಿ, ಥಾಣೆ, ಮುಲುಂಡ್, ಎಲ್ಲಾದರೂ ಒಂದು ಕಡೆ ಕೂಟ ಇದ್ದೇ ಇರುತ್ತದೆ. ಕಲಾವಿದರ ಒಪ್ಪಿಗೆ ಪಡೆದು ನಾವು ಕೆಲವರು ಅದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇವೆ. ಸಿಡಿ ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಐದು ಗಂಟೆಯ ಕೂಟ ಅಂದ್ರೆ 3 ಜಿಬಿ. ಒಂದು ಸೀಸನ್ನಿನ ರೆಕಾರ್ಡಿಂಗ್ ಎಲ್ಲಾ ಸೇರಿದರೆ ಪುಕ್ಕಟೆ ಕ್ಲೌಡ್ ಜಾಗ ಯಾವ ಮೂಲೆಗೂ ಸಾಲಲ್ಲ. ಅದಕ್ಕೇ ನಾವು ಟೊರೆಂಟ್ ಮಾಡಿ, ಅಂದ್ರೆ ಒಬ್ಬರ ಕಂಪ್ಯೂಟರಿಂದ ಇನ್ನೊಬ್ಬರ ಕಂಪ್ಯೂಟರಿಗೆ ನೇರವಾಗಿ, ಹಂಚಿಕೊಳ್ಳುತ್ತೇವೆ. ಪುಣೆಯಲ್ಲಿ ಒಬ್ಬರು, ಮಡಗಾಂವ್‌ನಲ್ಲಿ ಒಬ್ಬರು, ಡೊಂಬಿವಲಿಯ ನನ್ನ ಮನೆಯಲ್ಲಿ ಹಗಲು ರಾತ್ರಿ ಓಡುವ ಪುಟ್ಟ ಲಿನಕ್ಸ್ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಇಷ್ಟಿದ್ದರೆ ಯಾರು ಯಾವಾಗ ಕೇಳಿದರೂ ಫೈಲು ಸಿಗುತ್ತದೆ.

ಕಳೆದ ಮಳೆಗಾಲದಲ್ಲಿ ಪುಣೆಯ ಶೆಟ್ರು ಕಳಿಸಿದ ಟೊರೆಂಟು ಇಳಿಸಿದಾಗ ಒಂದೂ ಹೆಸರು ಓದೋಕಾಗಲಿಲ್ಲ. ಎಲ್ಲಾ ಫೈಲಿಗೂ ಬರೀ ಅಡ್ಡಗೆರೆ (_). ಗುಂಪಲ್ಲಿ ತಕ್ಷಣ ಸಲಹೆ ಬಂತು: "ಶೆಟ್ರೇ, ಎಲ್ಲಾ ಡಿಲೀಟ್ ಮಾಡಿ, ಇಂಗ್ಲಿಷಲ್ಲಿ ಹೆಸರು ಹಾಕಿ ಮತ್ತೆ ಕಳಿಸಿ." ಈ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ. ಹತ್ತು ವರ್ಷ ಬಿಟ್ಟು ಹುಡುಕುವವರಿಗೆ ಏನೂ ಸಿಗಲ್ಲ. ಕನ್ನಡದ ಹೆಸರು ಕನ್ನಡದಲ್ಲೇ ಇರಬೇಕು, ಇರೋಕೆ ಆಗುತ್ತದೆ ಕೂಡ.

ಮೊದಲು ತಿಳಿದಿರಬೇಕಾದ್ದು: ಹೆಸರು ಕೆಟ್ಟಿದೆ ಅಂದ ಮಾತ್ರಕ್ಕೆ ಧ್ವನಿ ಕೆಟ್ಟಿಲ್ಲ. ಟೊರೆಂಟ್ ಪ್ರೋಗ್ರಾಂ ಧ್ವನಿ ಫೈಲುಗಳ ಒಳಗಿನ ಮಾಹಿತಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಹ್ಯಾಶ್ (ಬೆರಳಚ್ಚಿನ ಥರದ ಗುರುತು ಸಂಖ್ಯೆ) ಲೆಕ್ಕ ಹಾಕಿ ತಾಳೆ ನೋಡುತ್ತದೆ. ಆ ಲೆಕ್ಕದಲ್ಲಿ ಹೆಸರು ಇಲ್ಲವೇ ಇಲ್ಲ. ನೂರಕ್ಕೆ ನೂರು ಇಳಿದಿದೆ ಅಂತ ತೋರಿಸಿದರೆ ಚೆಂಡೆಯ ಒಂದು ಪೆಟ್ಟೂ ತಪ್ಪಿಲ್ಲ ಅಂತಲೇ ಅರ್ಥ.

ಆಮೇಲೆ ಹೆಸರು ಹೇಗೆ ಕೆಟ್ಟಿದೆ ಅಂತ ಕಣ್ಣಿಟ್ಟು ನೋಡಿ. ಬರೀ ಪ್ರಶ್ನೆ ಚಿಹ್ನೆ ಅಥವಾ ಅಡ್ಡಗೆರೆ ಇದ್ದರೆ ಹೆಸರು ಕಳೆದೇ ಹೋಗಿದೆ. ಎಲ್ಲಾ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಗೊತ್ತಿಲ್ಲದ ಹಳೇ ಪ್ರೋಗ್ರಾಂಗಳು ವಿಂಡೋಸ್‌ನ ಹಳೇ ಕೋಡ್ ಪೇಜ್, ಅಂದ್ರೆ ಕೆಲವೇ ಭಾಷೆಗಳ ಅಕ್ಷರಪಟ್ಟಿ, ನಂಬಿಕೊಂಡಿರುತ್ತವೆ. ಕನ್ನಡಕ್ಕೆ ಅಂಥ ಕೋಡ್ ಪೇಜ್ ವಿಂಡೋಸಲ್ಲಿ ಯಾವತ್ತೂ ಇರಲೇ ಇಲ್ಲ. ಹಾಗಾಗಿ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ. ಫೈಲಿನ ಹೆಸರಲ್ಲಿ ಆ ಚಿಹ್ನೆಯನ್ನು ವಿಂಡೋಸ್ ಬಿಡಲ್ಲ, ಅದಕ್ಕೆ ಅಡ್ಡಗೆರೆ ಬರುತ್ತದೆ. ಒಂದೇ ಉದ್ದದ ಎರಡು ಹೆಸರಿದ್ದರೆ ಎರಡೂ ಒಂದೇ ಆಗಿ ಜಗಳ ಬೇರೆ. ಶೆಟ್ರ ಲ್ಯಾಪ್‌ಟಾಪಲ್ಲಿ ಆಗಿದ್ದು ಇದೇ.

ಇದನ್ನು ಖಚಿತ ಮಾಡಿಕೊಳ್ಳೋಕೆ ಒಂದು ಒಳ್ಳೇ ಉಪಾಯ ಇದೆ. ಧ್ವನಿ ಫೈಲಲ್ಲ, .torrent ಅಂತ ಕೊನೆಯಾಗುವ ಪುಟ್ಟ ಟೊರೆಂಟ್ ಫೈಲನ್ನೇ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ಸಲ್ಲಿ ತೆರೆಯಿರಿ. ಸುಮ್ನೆ ನೋಡಿ, ಸೇವ್ ಮಾಡಬೇಡಿ. ಪ್ರತಿ ಹೆಸರಿನ ಮುಂದೆ ಒಂದು ಅಂಕಿ, ಒಂದು ಕೋಲನ್ ಇರುತ್ತದೆ. ಆ ಅಂಕಿ ಹೆಸರು ಎಷ್ಟು ಬೈಟ್ ಅನ್ನುವ ಲೆಕ್ಕ. 'ತಾಳಮದ್ದಳೆ' ಅಂತ ಫೋಲ್ಡರ್ ಇದ್ದರೆ ಅಲ್ಲಿ 27 ಇರಬೇಕು. ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ಕಾಗುಣಿತದ ಚಿಹ್ನೆ, ಒತ್ತಿನ ವಿರಾಮ ಎಲ್ಲಾ ಬಿಡಿಸಿ ಎಣಿಸಿ ಒಂಬತ್ತು ಅನ್ನುತ್ತದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಅಲ್ಲಿ ಒಂದೊಂದಕ್ಕೂ ಮೂರು ಬೈಟ್. ಅಲ್ಲಿಗೆ 27. ಅದರ ಬದಲು 9 ಅಂತಿದ್ದು ಮುಂದೆ ಪ್ರಶ್ನೆ ಚಿಹ್ನೆಗಳಿದ್ದರೆ ಟೊರೆಂಟ್ ಮಾಡುವಾಗಲೇ ಕನ್ನಡ ಹೋಗಿದೆ. ಯಾರ ಕೈಯಲ್ಲೂ ಅದು ವಾಪಸ್ ಬರಲ್ಲ, ಹೊಸ ಪ್ರೋಗ್ರಾಂ ಹಾಕಿ ಟೊರೆಂಟನ್ನೇ ಮತ್ತೆ ಮಾಡಬೇಕು. 3 ಜಿಬಿ ಮತ್ತೆ ಇಳಿಸಬೇಕಾ? ಬೇಡ. ಇಳಿದ ಫೈಲುಗಳಿಗೆ ಹೊಸ ಟೊರೆಂಟಿನಲ್ಲಿರುವ ಹೆಸರನ್ನೇ ಕೊಟ್ಟು, ಅದೇ ಫೋಲ್ಡರ್ ತೋರಿಸಿ, ಮರುಪರಿಶೀಲನೆ ಒತ್ತಿದರೆ ಎಲ್ಲಾ ಇದ್ದಲ್ಲೇ ಕೂರುತ್ತದೆ.

ಇನ್ನೊಂದು ಬಗೆ ನೋಡೋಕೆ ಭಯಂಕರ, ಆದರೆ ಅಷ್ಟು ಕೆಟ್ಟದ್ದಲ್ಲ. ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಮತ್ತೊಂದು ಏನೋ ಚಿಹ್ನೆ, ಮತ್ತೆ ಅದೇ 'ಎ'. ಹೀಗೆ ಕಂಡರೆ ಅದು ಸರಿಯಾದ ಯುಟಿಎಫ್-8 ಕನ್ನಡವೇ. ಓದುವ ಪ್ರೋಗ್ರಾಂ ಅದನ್ನು ವಿಂಡೋಸ್-1252 ಅನ್ನುವ ಇಂಗ್ಲಿಷ್ ಕೋಡ್ ಪೇಜ್ ಅಂತ ತಪ್ಪಾಗಿ ಓದಿದೆ, ಅಷ್ಟೇ. ಕನ್ನಡದ ಎಲ್ಲಾ ಅಕ್ಷರವೂ ಒಂದೇ ಬೈಟಿಂದ ಶುರುವಾಗುತ್ತದೆ, ಆ ಬೈಟೇ ಈ 'ಎ'. ಇಳಿಸುವ ಪ್ರೋಗ್ರಾಂ ಬದಲಿಸಿದರೆ ಸಾಕು. ಆದರೆ ಆ ವಿಚಿತ್ರ ಹೆಸರನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ಇಟ್ಟುಕೊಳ್ಳಬೇಡಿ. ವಿಂಡೋಸ್-1252 ಪಟ್ಟಿಯಲ್ಲಿ ಐದು ಜಾಗ ಖಾಲಿ. ನಮ್ಮ ದುರದೃಷ್ಟ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ ಮತ್ತು ಉಕಾರ ಎರಡರ ಕೊನೇ ಬೈಟೂ ಆ ಖಾಲಿ ಜಾಗಕ್ಕೇ ಬೀಳುತ್ತವೆ. ಕಣ್ಣಿಗೆ ಕಾಣದ ಆ ಬೈಟುಗಳು ಅಂಟಿಸುವಾಗ ಬಿಟ್ಟುಹೋದರೆ ಅಷ್ಟೇ ಕಥೆ, ಮತ್ತೆ ಯಾವ ಪರಿವರ್ತಕವೂ ಒತ್ತು ತಂದುಕೊಡಲ್ಲ.

ಮಡಗಾಂವ್‌ನಿಂದ ಬಂದ ತೊಂದರೆ ಬೇರೇನೇ. ಅವರದು ಹಳೇ ಮ್ಯಾಕ್. ಹಾರ್ಡ್ ಡಿಸ್ಕಲ್ಲಿ ಬಂದ ಫೈಲನ್ನು ನನ್ನ ಪೈಗೆ ಹಾಕಿದರೆ ಟೊರೆಂಟ್ ಪ್ರೋಗ್ರಾಂ 'ಫೈಲೇ ಇಲ್ಲ' ಅನ್ನುತ್ತಿತ್ತು. ಪರದೆ ಮೇಲೆ ಹೆಸರು ಸ್ಪಷ್ಟವಾಗಿ ಕಾಣುತ್ತಿದೆ! ಹಳೇ ಮ್ಯಾಕ್ ಹೆಸರುಗಳನ್ನು ಬಿಡಿಸಿ ಬರೆದಿಡುತ್ತದೆ. 'ಡೊಂಬಿವಲಿ'ಯ ಒಕಾರ ಒಂದೇ ಚಿಹ್ನೆಯಾಗಿಯೂ ಇರಬಹುದು, ಎಕಾರ ಮತ್ತು ಊಕಾರ ಎರಡು ಸೇರಿಯೂ ಇರಬಹುದು. ದೀರ್ಘ ಓಕಾರ ಆದರೆ ಮೂರು ತುಂಡು. ಎರಡೂ ಥರ ಒಂದೇ ಹಾಗೆ ಕಾಣುತ್ತದೆ, ಆದರೆ ಲಿನಕ್ಸಿಗೆ ಅವು ಬೇರೆ ಬೇರೆ ಹೆಸರು. ಲಿನಕ್ಸಲ್ಲಿ 'ಕಾನ್ವ್ ಎಂವಿ' ಅನ್ನುವ ಪುಟ್ಟ ಸಾಧನ ಇದೆ, ಎನ್ಎಫ್‌ಸಿ ರೂಪಕ್ಕೆ (ಬಿಡಿಸಿದ್ದನ್ನು ಕೂಡಿಸಿ ಬರೆಯುವ ರೂಪ) ತಿರುಗಿಸು ಅಂದರೆ ಇಡೀ ಫೋಲ್ಡರನ್ನು ಸರಿ ಮಾಡುತ್ತದೆ. ಮೊದಲ ಸಲ ಏನು ಮಾಡುತ್ತೇನೆ ಅಂತ ತೋರಿಸುತ್ತದೆ, ನಾವು ಒಪ್ಪಿ ಹೇಳಿದರೆ ಮಾತ್ರ ಬದಲಿಸುತ್ತದೆ. ನನಗೆ ತುಂಬಾ ಇಷ್ಟವಾದ ಗುಣ ಇದು.

ಹೆಸರಿನ ಉದ್ದದ ಬಗ್ಗೆಯೂ ಹೇಳಲೇಬೇಕು. ನಮ್ಮವರು ಪ್ರಸಂಗ, ಭಾಗವತರು, ಎಲ್ಲಾ ಅರ್ಥಧಾರಿಗಳು, ಊರು, ತಾರೀಕು ಅಂತ ಇಡೀ ಕರಪತ್ರವನ್ನೇ ಫೈಲಿನ ಹೆಸರಲ್ಲಿ ಬರೆಯುತ್ತಾರೆ. ಪ್ರೀತಿಯಿಂದಲೇ ಬರೆಯುತ್ತಾರೆ. ವಿಂಡೋಸಲ್ಲಿ ಅದು ನಡೆಯುತ್ತದೆ. ಲಿನಕ್ಸಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಮೂರು ಮೂರು ಬೈಟಿನಂತೆ 85 ಚಿಹ್ನೆಗೆ ಮುಗಿಯಿತು, ಅದರಲ್ಲೂ ಒತ್ತು, ಕಾಗುಣಿತ ಎಲ್ಲಾ ಸೇರಿಯೇ ಲೆಕ್ಕ. ಪೈ 'ಹೆಸರು ತೀರಾ ಉದ್ದ' ಅಂತ ಡೌನ್‌ಲೋಡನ್ನೇ ನಿಲ್ಲಿಸಿಬಿಡುತ್ತದೆ. ಪ್ರಸಂಗ, ಊರು, ತಾರೀಕು ಮಾತ್ರ ಹೆಸರಲ್ಲಿಡಿ. ಕಲಾವಿದರ ಹೆಸರೆಲ್ಲಾ ಜೊತೆಗೊಂದು ಟೆಕ್ಸ್ಟ್ ಫೈಲಲ್ಲಿ ಪೂರ್ತಿ ಬರೆಯಿರಿ, ಒಬ್ಬರನ್ನೂ ಬಿಡದೆ. ಮದ್ದಳೆಯವರನ್ನು, ಚಕ್ರತಾಳದವರನ್ನು ಯಾರೂ ಬರೆಯಲ್ಲ, ಅವರನ್ನೂ ಬರೆಯಿರಿ. ಆ ಫೈಲನ್ನು ನುಡಿ ಅಥವಾ ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಬೇಡಿ, ಯೂನಿಕೋಡಲ್ಲೇ ಮಾಡಿ. ಹಳೇ ಫಾಂಟಿನ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಒಮ್ಮೆ ಟೊರೆಂಟ್ ಹೊರಗೆ ಹೋದ ಮೇಲೆ ಅದರೊಳಗಿನ ಹೆಸರು ತಿದ್ದೋಕೆ ಹೋಗಬೇಡಿ. ತುಂಡುಗಳ ಹ್ಯಾಶ್ ಬೇರೆ, ಇಡೀ ಟೊರೆಂಟಿನ ಗುರುತಿನ ಹ್ಯಾಶ್ ಬೇರೆ; ಈ ಎರಡನೆಯದು ಹೆಸರೂ ಸೇರಿಯೇ ಬರುತ್ತದೆ. ಒಂದಕ್ಷರ ಬದಲಾದರೂ ಅದು ಬೇರೆಯೇ ಟೊರೆಂಟು, ಹಳಬರು ಯಾರೂ ಅದರಲ್ಲಿ ಸಿಗಲ್ಲ. ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಹೆಸರು ಬದಲಿಸಬೇಕು ಅಂದ್ರೆ ಕ್ಯೂಬಿಟ್‌ಟೊರೆಂಟ್ ಥರದ ಪ್ರೋಗ್ರಾಂ ಒಳಗಿಂದಲೇ ಬದಲಿಸಿ, ಸೀಡಿಂಗ್ (ಬೇರೆಯವರಿಗೆ ಹಂಚುವುದು) ನಿಲ್ಲಲ್ಲ.

ಈ ಸಲ ಶೆಟ್ರಿಗೆ ಒಂದೇ ಕೋರಿಕೆ ಇಟ್ಟಿದ್ದೇನೆ. ಟೊರೆಂಟ್ ಮಾಡಿದ ಮೇಲೆ ಗುಂಪಿಗೆ ಹಾಕುವ ಮುಂಚೆ ನನಗೊಮ್ಮೆ ಕಳಿಸಿ. ಇಳಿಸೋಕೆ ಮುಂಚೆಯೇ ಫೈಲುಗಳ ಪಟ್ಟಿ ಕಾಣುತ್ತದೆ ಅಲ್ವಾ, ಅದನ್ನು ಪೈಯಲ್ಲಿ ಒಂದು ಸಲ ನೋಡಿ ಹೇಳುತ್ತೇನೆ.